ತಿರುವಿನ ಕೊಡಗಳು

ಒಂದು ಜೊತೆ ಬಿಳಿ ಕ್ಯಾನ್ವಾಸ್ ಬೂಟು ಹಿತ್ತಲ ಕಟ್ಟೆಯ ಮೇಲೆ ಒಣಗುತ್ತಿತ್ತು. ಯಂಕವ್ವ ಅದನ್ನು ಕಡ್ಡಿಯ ತುದಿಯಿಂದ ಎತ್ತಿ ತಂದು ಗಂಡನ ಮುಂದೆ ಇಳಿಸಿದಳು.

"ನೋಡ್ರಿ, ನಿಮ್ಮ ಸೊಸಿ ಹೊಸಾ ಸಾಮಾನು. ಮದುವ್ಯಾಗಿ ಒಂಬತ್ತು ವರ್ಷಕ್ಕ ಓಡೂ ಹುಚ್ಚು ಹತ್ತೈತಿ. ಯಾರು ಬೆನ್ನು ಹತ್ಯಾರಂತ ಕೇಳ್ರಿ ಅಕಿನ್ನ."

ಗಾದಿಲಿಂಗಪ್ಪ ಆಗಷ್ಟೇ ಪೂಜೆ ಮುಗಿಸಿ ಹಣೆಗೆ ಭಂಡಾರ ಹಚ್ಚಿಕೊಂಡು ಕುಳಿತಿದ್ದ. ಮೂವತ್ತೆರಡು ವರ್ಷ ಗಂಗಾವತಿ ಕಡೆಯ ಕಾಲುವೆಯಲ್ಲಿ ಲಸ್ಕರ್ ಆಗಿ, ತೂಬು ತೆಗೆದು ಮುಚ್ಚಿ ಹೊಲಗಳಿಗೆ ನೀರು ಬಿಡುವ ಕೆಲಸ ಮಾಡಿದವನು. ನಿವೃತ್ತಿಯಾದ ಮೇಲೆ ಕೊಪ್ಪಳಕ್ಕೆ ಮಗನ ಮನೆಗೆ ಬಂದಿದ್ದ. ಮಗ ಯಂಕೇಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸೊಸೆ ದುರ್ಗಾದೇವಿ ಸರಕಾರಿ ಪ್ರಾಥಮಿಕ ಶಾಲೆಯ ಟೀಚರು. ಅವರಿಗೆ ಸಹನಾ ಎಂಬ ಏಳು ವರ್ಷದ ಮಗಳು.

"ಏನಿದು ದುರ್ಗವ್ವಾ?" ಎಂದು ಅವನು ಒಳಗಿನ ಕಡೆ ಕೂಗಿ ಕೇಳಿದ.

ದುರ್ಗಾದೇವಿ ರೊಟ್ಟಿಯ ಕೈಯಲ್ಲೇ ಹೊರಗೆ ಬಂದಳು. "ಜಿಲ್ಲಾ ಓಟದ ಬಳಗ ಅಂತ ಮಾಡ್ಯಾರ ಮಾವಾ. ಹೊಸಾ ಜಿಲ್ಲೆ ಆತಲ್ಲ, ನಾಕೂ ತಾಲೂಕಿನ್ಯಾಗ ಒಂದೊಂದು ಓಟ ಐತಿ. ಹೆಣ್ಣಮಕ್ಕಳಿಗೂ ಐತಿ. ಸಾಲ್ಯಾಗ ಇದ್ದಾಗ ನಾ ತಾಲೂಕಿಗೇ ಮೊದಲು ಬಂದಾಕಿ."

"ಆವಾಗ ಲಂಗ ಹಾಕ್ತಿದ್ದಿ," ಎಂದಳು ಯಂಕವ್ವ. "ಈಗ ಲಂಗ ಹಾಕೂ ಮಗಳು ಅದಾಳ."

ಅಂದು ಸಂಜೆ ಬಳಗದ ಕಾರ್ಯದರ್ಶಿ ಮುದಿಯಪ್ಪ ಮಾಸ್ತರ ಮನೆಗೆ ಬಂದ. ಜೊತೆಗೆ ಸೈಕಲ್ ರಿಪೇರಿಯ ಮಕ್ಬುಲಸಾಬ. ಐವತ್ತನಾಲ್ಕು ವರ್ಷದ, ಒಣ ಬಾರುಕೋಲಿನಂಥ ಮನುಷ್ಯ. ದಿನವೂ ಬೆಳಿಗ್ಗೆ ಊರ ಹೊರಗಿನ ರಸ್ತೆಯಲ್ಲಿ ಓಡುವವನು. ಮಾಸ್ತರ ನಿಯಮ ವಿವರಿಸಿದ.

"ಮೂರು ಕಡೆ ಓಡಬೇಕು, ಒಂದು ಕಡೆ ಸೇವಾ ಮಾಡಬೇಕು. ಸೇವಾ ಅಂದ್ರ ದಾರ್ಯಾಗ ನಿಂತು ಓಡೋರಿಗೆ ನೀರು ಕೊಡೂದು. ಸೇವಾ ಮಾಡದವರಿಗೆ ಸರ್ಟಿಫಿಕೇಟ್ ಇಲ್ರಿ."

ಗಾದಿಲಿಂಗಪ್ಪನಿಗೆ ಆ ಮಾತು ಹಿಡಿಸಿತು. "ನೀರು ಕೊಡೂದು ಛಲೋ ಕೆಲಸ," ಎಂದ. "ಆದ್ರ ಹೆಣ್ಣಮಗಳು ಒಬ್ಬಾಕಿ ನಸುಕಿನ್ಯಾಗ ರಸ್ತೆಗಿ ಹೋಗೂದು..."

"ನಾನಿಲ್ಲೇನು ಅಣ್ಣಾ?" ಎಂದ ಮಕ್ಬುಲಸಾಬ. "ನನಗೂ ಇದ್ದಾಕಿ ಒಬ್ಬಾಕಿ ಮಗಳು, ಲಗ್ನ ಮಾಡಿಕೊಟ್ಟೀನಿ. ಅಕಿ ಜೋಡಿ ಹೋದಂಗ ಹೋಗ್ತೀನಿ. ನಾ ಓಡೋದು ನೋಡಿದ್ರ ನಾಯಿ ಸೈತ ಬೆನ್ನು ಹತ್ತಂಗಿಲ್ಲ, ಬ್ಯಾಸರಾಗಿ ಮಕ್ಕೋತಾವ."

ಯಂಕವ್ವ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು.

ಗಾದಿಲಿಂಗಪ್ಪ ತೀರ್ಪು ಕೊಟ್ಟ. "ಇದೊಂದು ಹಂಗಾಮು. ಮನಿ ಕೆಲಸ ನಿಲ್ಲಬಾರದು. ನಾ ಬ್ಯಾಡ ಅಂದ ದಿನ ಬೂಟು ಅಟ್ಟಕ್ಕ ಏರಬೇಕು."

"ಆತ್ರಿ ಮಾವಾ," ಎಂದಳು ದುರ್ಗಾದೇವಿ. ಆ ಒಂದು ಹಂಗಾಮಿಗಾಗಿ ಅವಳು ಯಾವ ಮಾತಿಗೂ ಒಪ್ಪಲು ಸಿದ್ಧಳಿದ್ದಳು.

ನಾಲ್ಕಕ್ಕೆ ಎದ್ದು ಅಂಗಳ ಕಸ ಹೊಡೆದು, ಇಪ್ಪತ್ತು ರೊಟ್ಟಿ ಬಡಿದು, ಪಲ್ಯಕ್ಕೆ ಒಗ್ಗರಣೆ ಕೊಟ್ಟು, ಐದೂವರೆಗೆ ಹೊರಡುವಳು. ನಲ್ಲಿ ಬರುವುದು ನಾಲ್ಕು ದಿನಕ್ಕೊಮ್ಮೆ. ಆ ದಿನ ಓಟವಿಲ್ಲ. ಚೂಡಿದಾರದ ಮೇಲೆ ಯಂಕೇಶನ ಹಳೆಯ ಅಂಗಿ ತೊಟ್ಟು, ತಲೆಗೆ ವಸ್ತ್ರ ಕಟ್ಟಿ ಓಡುವಳು. ತಡವಾಗಿ ಬಂದ ದಿನ ಯಂಕವ್ವ ಒಲೆಯ ಮುಂದೆ ಕುಳಿತು, ಯಾರ ಹೆಸರೂ ಹೇಳದೆ ಮಾತಾಡುವಳು.

"ಕೆಲವರು ಗಾಳಿ ಕುಡಿಯಾಕ ಹೋಗ್ತಾರ, ಕೆಲವರು ಹೊಗಿ ಕುಡಿಯಾಕ ಮನ್ಯಾಗ ಕುಂದರ್ತಾರ."

"ನಾಳಿಂದ ನೀವೂ ಬರ್ರಿ ಅತ್ತಿ."

"ನಾ ಬಂದ್ರ ನಿನ್ನ ಗಂಡ ಬೂಟು ತಿನ್ನಬೇಕಾಗ್ತೈತಿ."

ಡಿಸೆಂಬರ್ ಮೊದಲ ಭಾನುವಾರ ಗಂಗಾವತಿಯ ಓಟ. ಆನೆಗೊಂದಿಯ ದಾರಿಯಲ್ಲಿ ಹತ್ತು ಕಿಲೋಮೀಟರ್. ತನ್ನ ಹಳೆಯ ಕಾಲುವೆ ಎಂದು ಗಾದಿಲಿಂಗಪ್ಪನೂ ಹೋದ. ಗದ್ದೆಯ ಬದಿಯಲ್ಲಿ ನೀರಿನ ಮೇಜು ಹಾಕಿದ್ದರು. ನಿಂತಿದ್ದ ಹುಡುಗರಿಗೆ ಕೈ ಸಾಲದೆ ಹೋದಾಗ ಅವನು ಧೋತರ ಎತ್ತಿ ಕಟ್ಟಿ, ತಾನೇ ಲೋಟ ತುಂಬಿ ತುಂಬಿ ಕೊಟ್ಟ. ಓಡುವವರು ಅವನ ಕೈಯಿಂದ ಕಸಿದುಕೊಂಡು ಕುಡಿದು, "ಪುಣ್ಯ ಬರಲಿ ಅಜ್ಜಾ" ಎನ್ನುತ್ತ ಹೋದರು. ಕಡೆಯಲ್ಲಿ ಬಂದ ಮಕ್ಬುಲಸಾಬ ನಿಂತು ಎರಡು ಲೋಟ ಕುಡಿದ.

"ಅವಸರ ಇಲ್ಲೇನು?" ಎಂದು ಕೇಳಿದ ಗಾದಿಲಿಂಗಪ್ಪ.

"ಓಟ ಅಂದ್ರ ಪಂಚರ್ ಹಚ್ಚಿದಂಗ ಅಣ್ಣಾ. ಅವಸರ ಮಾಡಿದ್ರ ಮತ್ತ ಬಿಚ್ಚಬೇಕು. ನೀರು ಸಿಕ್ಕಲ್ಲಿ ನಿಂತು ಕುಡಿಯೋನೇ ಮನಿ ಮುಟ್ಟಾಂವ."

ಮನೆಗೆ ಬಂದು ಗಾದಿಲಿಂಗಪ್ಪ ಹೆಂಡತಿಗೆ ಅದನ್ನೇ ಎರಡು ದಿನ ಹೇಳಿದ. ನೀರು ಕೊಡುವ ಕೈಯನ್ನು ದೇವರು ನೋಡುತ್ತಾನೆ ಎಂಬುದು ಅವನ ನಂಬಿಕೆ.

ರಂಜಾನ್ ತಿಂಗಳು ಮಕ್ಬುಲಸಾಬ ರೋಜಾ ಹಿಡಿದು, ಓಡದೆ, ಸೈಕಲ್ ಮೇಲೆ ದುರ್ಗಾದೇವಿಯ ಹಿಂದೆ ಬಂದ. ಹಬ್ಬದ ದಿನ ಅವನ ಹೆಂಡತಿ ಹಜರತಬೀ ಅವನ ಕೈಯಲ್ಲೇ ಶಾವಿಗೆಯ ಡಬ್ಬಿ ಕಳಿಸಿದಳು. ಸಹನಾ ತಿಂದಳು, ಯಂಕೇಶ ತಿಂದ. ಗಾದಿಲಿಂಗಪ್ಪ ಕೈಮುಗಿದು, "ನನಗ ಇವತ್ತ ಉಪವಾಸ," ಎಂದ. ಅಂದು ಉಪವಾಸವೇನೂ ಇರಲಿಲ್ಲ.

ಜನವರಿ ಕೊನೆಯ ಭಾನುವಾರ ಕುಷ್ಟಗಿಯಲ್ಲಿ ದುರ್ಗಾದೇವಿ ಮೂರನೆಯವಳಾಗಿ ಬಂದಳು. ಓಡಿದ ಹೆಂಗಸರೇ ಐದು ಮಂದಿ. ಬಹುಮಾನ ಒಂದು ಸ್ಟೀಲಿನ ದಬರಿ. ಯಂಕವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ತಳ ದಪ್ಪ ಐತಿ," ಎಂದಳು. ಮರುದಿನದಿಂದ ಬೇಳೆ ಅದರಲ್ಲೇ ಬೇಯತೊಡಗಿತು. ಮನೆಯಲ್ಲಿ ಬೂಟಿನ ಮಾತು ಕಡಿಮೆಯಾಯಿತು.

ಮುಂದಿನದು ಯಲಬುರ್ಗಾ. ಮಾರ್ಚ್ ಏಳು, ಭಾನುವಾರ. ಅಲ್ಲಿ ದುರ್ಗಾದೇವಿಯ ಸೇವೆ. ಆರು ಕಿಲೋಮೀಟರ್ ಹೋಗಿ ತಿರುಗಿ ಬರುವ ಓಟ. ತಿರುವಿನಲ್ಲಿ ಊರಿಲ್ಲ, ಗಿಡವಿಲ್ಲ, ಎರಡೂ ಕಡೆ ಜೋಳ ಕೊಯ್ದ ಎರೆ ಹೊಲ. ಅಲ್ಲಿ ಒಬ್ಬ ಮನುಷ್ಯ ಓಡಿ ಬಂದವರ ಕೈಗೆ ಮುದ್ರೆ ಒತ್ತುವವನು, ಇನ್ನೊಬ್ಬರು ನೀರು ಕೊಡುವವರು. ದುರ್ಗಾದೇವಿ ವಾರದ ಹಿಂದೆಯೇ ಮಕ್ಬುಲಸಾಬನ ಜೊತೆ ಹೋಗಿ, ಹತ್ತಿರದ ಬೋರಿನ ಮಾಲೀಕನನ್ನು ಮಾತಾಡಿಸಿ ಬಂದಿದ್ದಳು. ಅಲ್ಲಿ ಕರೆಂಟು ಬೆಳಗಿನ ಏಳರವರೆಗೆ ಮಾತ್ರ. ಅಷ್ಟರೊಳಗೆ ನಾಲ್ಕು ಕೊಡ ತುಂಬಿ ರಸ್ತೆಗೆ ತಂದಿಡಬೇಕು. ಏಳು ದಾಟಿದರೆ ಹನಿ ನೀರಿಲ್ಲ.

ಗುರುವಾರ ಮಧ್ಯಾಹ್ನ ಅಳವಂಡಿಯಿಂದ ಸುದ್ದಿ ಬಂತು. ಗಾದಿಲಿಂಗಪ್ಪನ ದೊಡ್ಡಪ್ಪನ ಮಗ ತೀರಿಕೊಂಡಿದ್ದ. ಅಣ್ಣತಮ್ಮಂದಿರ ಸಾವು, ಹತ್ತು ದಿನದ ಸೂತಕ. ಗಾದಿಲಿಂಗಪ್ಪ ಮಣ್ಣಿಗೆ ಹೋಗಿ ಬಂದು ತಲೆಯ ಮೇಲೆ ನೀರು ಹಾಕಿಕೊಂಡು, ದೇವರ ಮಾಡಕ್ಕೆ ಪರದೆ ಎಳೆದ.

ಶುಕ್ರವಾರ ಸಂಜೆ ಊಟದ ಹೊತ್ತಿಗೆ ಮಾತು ಎದ್ದಿತು.

"ಭಾನುವಾರ ನೀ ಹೋಗೂದು ಆಗಂಗಿಲ್ಲ ದುರ್ಗವ್ವಾ."

ಅವಳು ತಟ್ಟೆಗೆ ಬೇಳೆ ಬಡಿಸುತ್ತಿದ್ದಳು. ಸೌಟು ನಿಂತಿತು. "ಯಾಕ್ರಿ ಮಾವಾ?"

"ಸೂತಕದ ಕೈಲೆ ನೂರು ಮಂದಿಗೆ ನೀರು ಕೊಡ್ತೀಯೇನು?"

"ಸಾಲಿಗಿ ಹೋಗಾಕ ನಡೀತೈತಿ, ನೀರು ಕೊಡಾಕ ನಡ್ಯಂಗಿಲ್ಲ?"

"ಸರಕಾರದ ಕೆಲಸ ಬ್ಯಾರೆ. ನೀರು ಬ್ಯಾರೆ. ಕುಡಿದವರಿಗಿ ಕೇಡು ಬಂದ್ರ ಆ ಪಾಪ ಈ ಮನಿಗಿ."

"ನಾ ಮಾತು ಕೊಟ್ಟೀನ್ರಿ. ಬೋರಿನವಗ ಹೇಳಿ ಬಂದೀನಿ. ಅಲ್ಲಿ ಬ್ಯಾರೆ ಯಾರೂ ಇಲ್ಲ."

ಯಂಕೇಶ ತಟ್ಟೆಯಿಂದ ತಲೆ ಎತ್ತಲಿಲ್ಲ. "ಇದೊಂದು ಸಲ ಅಪ್ಪ ಹೇಳಿದಂಗ ಕೇಳು," ಎಂದ. "ಇದಕ್ಕ ಹಟಾ ಹಿಡಿದ್ರ ಮುಂದ ಕೊಪ್ಪಳದ ಓಟಾನೂ ಇಲ್ಲ, ಏನೂ ಇಲ್ಲ. ಬೂಟು ಅಟ್ಟಕ್ಕ ಹೋಗ್ತಾವ."

ದುರ್ಗಾದೇವಿ ಸೌಟನ್ನು ದಬರಿಯೊಳಗೆ ಇಳಿಸಿದಳು. ಆಮೇಲೆ ಹೇಳಿದಳು: "ಆತು. ಆದ್ರ ಮುದಿಯಪ್ಪ ಮಾಸ್ತರಗ ಇವತ್ತ ಹೇಳಬೇಕು. ನನ್ನ ಬದಲಿ ಯಾರನ್ನಾರ ಹಾಕಬೇಕು. ಏಳರೊಳಗ ಕೊಡ ತುಂಬಬೇಕು ಅನ್ನೂದನ್ನ ಮರೀದ ಹೇಳಬೇಕು. ನಾನ ಹೋಗಿ ಬರ್ತೀನಿ."

"ಹೊತ್ತು ಮುಳುಗೂ ಮುಂದ ನೀ ಯಾಕ? ನಾ ಹೇಳಿ ಬರ್ತೀನಿ," ಎಂದು ಗಾದಿಲಿಂಗಪ್ಪ ಕೋಲು ಹಿಡಿದು ಹೊರಟ.

ಮಾಸ್ತರನ ಓಣಿಗೆ ತಿರುಗಿದರೆ ಹಂದರ. ಬಾಗಿಲಿಗೆ ಮಾವಿನ ತೋರಣ, ಒಳಗೆ ಹೆಂಗಸರ ಹಾಡು. ಮಾಸ್ತರನ ಮಗಳಿಗೆ ಅಂದು ಅರಿಶಿಣ ಹಚ್ಚುತ್ತಿದ್ದರು. ಗಾದಿಲಿಂಗಪ್ಪ ಓಣಿಯ ತುದಿಯಲ್ಲೇ ನಿಂತುಬಿಟ್ಟ. ಸೂತಕದವನು ಹಂದರದ ನೆರಳು ತುಳಿಯಬಾರದು. ಹಸಿ ಅರಿಶಿಣದ ಮನೆಯವರನ್ನು ಹೊರಗೆ ಕರೆದು ಸಾವಿನ ಮಾತು ಆಡಬಾರದು. ಅವನ ತಂದೆ ಹಾಗೆ ನಡೆದವನು. ಅವನೂ ಹಾಗೆ ನಡೆದವನು. ಒಳ್ಳೆಯ ಮನಸ್ಸಿನಿಂದಲೇ ಅವನು ನಿಂತ.

ಹಂದರಕ್ಕೆ ಕಟ್ಟಿಗೆ ಹೊತ್ತು ಬರುತ್ತಿದ್ದ ಆಳೊಬ್ಬ ಎದುರಾದ.

"ತಮ್ಮಾ, ದುರ್ಗಾದೇವಿ ಟೀಚರ್ ಭಾನುವಾರ ಬರಂಗಿಲ್ಲ ಅಂತ ಮಾಸ್ತರಗ ಒಂದು ಮಾತು ಹೇಳಪಾ."

"ಲಗ್ನಕ್ಕೇನ್ರಿ?"

ಗಾದಿಲಿಂಗಪ್ಪ ಸೂತಕದ ಹೆಸರು ಎತ್ತಲಾರದೆ, "ಹೂಂ, ಮಾಸ್ತರಗ ಗೊತ್ತಾಗ್ತೈತಿ," ಎಂದು ತಿರುಗಿದ. ಕೊಡದ ಮಾತು ಹೇಳಲಿಲ್ಲ.

ಮನೆಗೆ ಬಂದಾಗ ಸೊಸೆ ಹೊಸ್ತಿಲಲ್ಲೇ ಇದ್ದಳು. "ಹೇಳಿದ್ರ್ಯಾ ಮಾವಾ?"

"ಹೇಳೀನವ್ವಾ."

"ಏಳು ಗಂಟೇದು?"

"ಎಲ್ಲಾ ಹೇಳೀನಿ," ಎಂದು ಅವನು ಕೈಕಾಲು ತೊಳೆಯಲು ಹೋದ.

ಶನಿವಾರ ಅವಳು ಶಾಲೆಯಿಂದ ಬರುವಾಗ ಮಕ್ಬುಲಸಾಬನ ಅಂಗಡಿಯ ಕಡೆಗೂ ಹೋದಳು. ಬಾಗಿಲು ಹಾಕಿತ್ತು. ಯಲಬುರ್ಗಾದ ತಂಗಿಯ ಮನೆಗೆ ಹಿಂದಿನ ದಿನವೇ ಹೋಗಿದ್ದಾನೆಂದು ಪಕ್ಕದವರು ಹೇಳಿದರು.

ಭಾನುವಾರ ಏಳಕ್ಕೆ ಬಿಡಬೇಕಿದ್ದ ಓಟವನ್ನು ಮುಖ್ಯ ಅತಿಥಿ ಬರಲಿಲ್ಲವೆಂದು ಒಂಬತ್ತೂವರೆಗೆ ಬಿಟ್ಟರು. ಆ ಹೊತ್ತಿನಲ್ಲಿ ದುರ್ಗಾದೇವಿ ಮನೆಯಲ್ಲಿ ಹಾಸಿಗೆ ಒಗೆಯುತ್ತಿದ್ದಳು. ಬಿಸಿಲು ನೋಡಿ ಒಮ್ಮೆ, "ಇವತ್ತ ಭಾಳ ಕಾಯ್ತೈತಿ," ಎಂದಳು.

ಮೂರು ಗಂಟೆಗೆ ಯಂಕೇಶ ಡಿಪೋದಿಂದ ಬಂದು ಬಾಗಿಲಲ್ಲೇ ನಿಂತ. ಯಲಬುರ್ಗಾ ಬಸ್ಸಿನ ಡ್ರೈವರ್ ಸುದ್ದಿ ತಂದಿದ್ದ.

"ಮಕ್ಬುಲಸಾಬ ಹೋದ," ಎಂದ. "ಓಡಾಕತ್ತಿದ್ದಾಂವ ದಾರ್ಯಾಗ ಬಿದ್ದನಂತ. ಟೆಂಪೋದಾಗ ಹಾಕ್ಕೊಂಡು ದವಾಖಾನಿಗಿ ಒಯ್ಯೂದ್ರಾಗ ಮುಗಿದಿತ್ತಂತ."

ದುರ್ಗಾದೇವಿ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ಸೂತಕದಾಗ ಇನ್ನೊಂದು ಸಾವಿನ ಮನಿಗಿ..." ಎಂದು ಯಂಕವ್ವ ಬಾಯಿ ತೆರೆದಳು. ಸೊಸೆ ಆಗಲೇ ಓಣಿ ದಾಟಿದ್ದಳು.

ಮಕ್ಬುಲಸಾಬನ ಮನೆಯ ಮುಂದೆ ಜನ ಕೂಡಿತ್ತು. ಮುದಿಯಪ್ಪ ಮಾಸ್ತರ ಗೋಡೆಗೆ ಒರಗಿ ನಿಂತಿದ್ದ. ಅವಳನ್ನು ಕಂಡು ಹತ್ತಿರ ಬಂದ.

"ಯಾಕ ಬರಲಿಲ್ಲವ್ವಾ? ಬರದಿದ್ರ ಒಂದು ಮಾತು ಹೇಳಿ ಕಳಿಸಬಾರದಾಗಿತ್ತಾ? ನಾ ಬ್ಯಾರೆ ಯಾರನ್ನಾರ ನಿಂದ್ರಸ್ತಿದ್ದೆ."

"ನಮ್ಮ ಮಾವ ಬಂದು ಹೇಳ್ಯಾರಲ್ರಿ."

"ಯಾರೂ ಬಂದಿಲ್ಲ. ಹಂದರದ ಆಳು ಒಬ್ಬಾಂವ, ಟೀಚರ್ ಭಾನುವಾರ ಲಗ್ನಕ್ಕ ಬರಂಗಿಲ್ಲಂತ ಅಂದ. ಟೀಚರ್ ಹೆಸರು ಮರ್ತಿದ್ದ. ಲಗ್ನ ಇರೋದು ಬುಧವಾರ. ಯಾರೋ ಬ್ಯಾರೆ ಟೀಚರ್ ಅಂತ ತಿಳಕೊಂಡೆ."

ತಿರುವಿನಲ್ಲಿ ಮುದ್ರೆ ಒತ್ತಲು ನಿಂತಿದ್ದ ದುರುಗೇಶ ಎಂಬವನು ಅಲ್ಲೇ ಇದ್ದ. ಅವನು ತಲೆ ತಗ್ಗಿಸಿ ಹೇಳಿದ: "ಖಾಲಿ ಕೊಡ ಇದ್ದುವು ಅಕ್ಕಾ. ಬೋರಿನ ಕಡೆ ಓಡಿ ಹೋದೆ, ಕರೆಂಟ್ ಹೋಗಿತ್ತು. ಹರೇದ ಹುಡುಗರು ಹಂಗ ತಿರುಗಿ ಹೋದ್ರು. ಮಕ್ಬುಲಸಾಬ ಕಡೀಗೆ ಬಂದ. ನೀರಿಲ್ಲ, ಟೀಚರ್ ಬಂದಿಲ್ಲ ಅಂದೆ. ಬರ್ತಾಳ ಬಿಡು, ಮಾತು ತಪ್ಪಾಕಿ ಅಲ್ಲ ಅಂದ. ಬಿಸಿಲಾಗ ಕಾಲು ತಾಸು ಕುಂತು ನಿನ್ನ ದಾರಿ ನೋಡಿದ. ಆಮ್ಯಾಲ ಎದ್ದು ಹೋದ. ಮೂರು ಕಿಲೋಮೀಟರ್ ಹೋಗ್ಯಾನ, ಅಷ್ಟ."

ದುರ್ಗಾದೇವಿ ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಗಾದಿಲಿಂಗಪ್ಪ ಪಡಸಾಲೆಯಲ್ಲಿ ಕುಳಿತಿದ್ದ. ಅವಳು ಎದುರಿಗೆ ನಿಂತಳು.

"ನೀವು ಮಾಸ್ತರಗ ಹೇಳಿದ್ರ್ಯಾ?"

ಅವನು ಅವಳ ಮುಖ ನೋಡಿದ. ಆಮೇಲೆ ನೆಲ ನೋಡಿದ. "ಹಂದರ ಇತ್ತವ್ವಾ. ಅರಿಶಿಣದ ಮನಿಗಿ ಸೂತಕ ಒಯ್ಯಬಾರದಂತ... ಆಳಿನ ಕೈಲೆ ಹೇಳಿ ಕಳಿಸಿದೆ."

"ಕೊಡದ ಮಾತು?"

ಅವನು ಕೋಲನ್ನು ಗೋಡೆಯ ಕಡೆ ಸರಿಸಿದ.

"ನಂಗ್ಯಾಕ ಎಲ್ಲಾ ಹೇಳೀನಿ ಅಂದ್ರಿ?"

"ನೀ ಮತ್ತ ಎದ್ದು ಹೋಗ್ತಿದ್ದಿ, ಆ ಮನಿಗಿ."

"ಹೂಂ, ಹೋಗ್ತಿದ್ದೆ! ಅವರ ಮಗಳಿಗಿ ಏನು ಕೇಡಾಗ್ತಿತ್ತು? ನನ್ನ ಕೈಲೆ ನೀರು ಕುಡಿದು ಯಾರು ಸಾಯ್ತಿದ್ರು? ಕುಡೀಲಾರದ ಸತ್ತಾಂವ ಅಲ್ಲಿ ಅದಾನ ನೋಡ್ರಿ!"

"ಏ, ಹಿರೇರ ಮುಂದ ದನಿ ಇಳಿಸು," ಎಂದಳು ಯಂಕವ್ವ. "ಆಯುಷ್ಯ ಮುಗಿದಿತ್ತು, ಹೋದ. ಐವತ್ತು ದಾಟಿದಾಂವ ಓಡಬಾರದಾಗಿತ್ತು."

ಯಾವಾಗಲೂ ತಟ್ಟೆ ನೋಡಿಯೇ ಮಾತಾಡುವ ಯಂಕೇಶ ಈಗ ತಲೆ ಎತ್ತಿದ. "ಅವ್ವಾ, ಬಾಯಿ ಮುಚ್ಚು," ಎಂದ. ತಂದೆಯ ಕಡೆ ತಿರುಗಿ, "ಮೂವತ್ತೆರಡು ವರ್ಷ ಮಂದಿ ಹೊಲಕ್ಕ ನೀರು ಬಿಟ್ಟಿಯಪ್ಪಾ. ನಾಕು ಕೊಡ ತುಂಬ್ರಿ ಅಂತ ಹೇಳಾಕ ಆಗಲಿಲ್ಲ," ಎಂದು ಎದ್ದು ಹೋದ.

ಅಂದಿನಿಂದ ಮನೆಯಲ್ಲಿ ಮಾತು ಸತ್ತಿತು. ದುರ್ಗಾದೇವಿ ಮೊದಲಿನಂತೆ ಇಪ್ಪತ್ತು ರೊಟ್ಟಿ ಬಡಿದಳು, ಮಾವನಿಗೆ ಮೊದಲಿನಂತೆ ಮೊದಲು ಬಡಿಸಿದಳು. ಆದರೆ ನೀರಿನ ತಂಬಿಗೆಯನ್ನು ಕೈಗೆ ಕೊಡದೆ, ಒಂದು ಮಾರು ದೂರ ನೆಲದ ಮೇಲೆ ಇಟ್ಟು ಹೋಗುವಳು. ಗಾದಿಲಿಂಗಪ್ಪ ಕುಳಿತಲ್ಲಿಂದ ಬಗ್ಗಿ ತೆಗೆದುಕೊಳ್ಳುವನು. ಸೂತಕ ಇನ್ನೂ ಆರು ದಿನ ಇತ್ತು.

ಹನ್ನೊಂದನೆಯ ದಿನ ತಲೆಗೆ ನೀರು ಹಾಕಿಕೊಂಡು, ಮಾಡದ ಪರದೆ ಸರಿಸಿ, ದೀಪ ಹಚ್ಚಿದ. ಹುಲಿಗೆಮ್ಮನ ಪಟದ ಮುಂದೆ ಬಹಳ ಹೊತ್ತು ಕುಳಿತರೂ ಬಾಯಿಂದ ಮಂತ್ರ ಹೊರಡಲಿಲ್ಲ. ಎದ್ದು, ಯಾರಿಗೂ ಹೇಳದೆ ಮಕ್ಬುಲಸಾಬನ ಮನೆಗೆ ಹೋದ. ಹಿಂದೆಯೇ ದುರ್ಗಾದೇವಿಯೂ ಹೋದಳು. ಅವನೊಬ್ಬನನ್ನೇ ಬಿಡಬೇಡವೆಂದು ಯಂಕೇಶ ಹೇಳಿದ್ದ.

ಹಜರತಬೀ ಚಾಪೆ ಹಾಸಿದಳು. ಒಂದು ಗ್ಲಾಸು ನೀರು ತಂದು, ಹಬ್ಬದ ಶಾವಿಗೆ ಮುಟ್ಟದ ಅವನ ನಡತೆ ನೆನಪಾಗಿ, ಕೊಡಲೋ ಬೇಡವೋ ಎಂದು ತಡೆದಳು. ಗಾದಿಲಿಂಗಪ್ಪ ಕೈ ಚಾಚಿ ಇಸಿದುಕೊಂಡು ಪೂರ್ತಿ ಕುಡಿದ. ಆಮೇಲೆ ನಡೆದದ್ದನ್ನೆಲ್ಲ ಹೇಳಿದ. ಸೂತಕ, ಹಂದರ, ಆಳು, ಕೊಡ, ತಾನು ಸೊಸೆಗೆ ಹೇಳಿದ ಸುಳ್ಳು. ಏನೂ ಬಿಡಲಿಲ್ಲ.

ಅವಳು ಗೋಡೆಯ ಮೊಳೆಗೆ ನೇತುಹಾಕಿದ್ದ ಗಂಡನ ಬೂಟಿನ ಕಡೆ ನೋಡುತ್ತ ಕೇಳಿದಳು. ಅಳಲಿಲ್ಲ, ಬೈಯಲಿಲ್ಲ.

"ಟೀಚರಮ್ಮಾ," ಎಂದಳು ಕೊನೆಗೆ, "ನಿಮ್ಮ ಮಾವಗ ವಯಸ್ಸಾಗೈತಿ. ಬಿಸಿಲು ಏರಾಕತ್ತೈತಿ. ಮನಿಗಿ ಕರಕೊಂಡು ಹೋಗ್ರಿ."

ಅಷ್ಟೇ. ಅವನು ಕೊಟ್ಟ ಗ್ಲಾಸನ್ನು ಅವಳು ತೆಗೆದುಕೊಳ್ಳಲಿಲ್ಲ. ಅವನೇ ಅದನ್ನು ಚಾಪೆಯ ಪಕ್ಕ ಇಟ್ಟು ಬಂದ.

ಯುಗಾದಿಯಾಗಿ ಹತ್ತು ದಿನಕ್ಕೆ ಕೊಪ್ಪಳದ ಓಟ. ನಡೆಸುವುದೋ ಬೇಡವೋ ಎಂದು ಬಳಗದಲ್ಲಿ ಜಗಳವಾಗಿ, ಕೊನೆಗೆ ನಡೆಸುವುದೆಂದಾಯಿತು. ಸೇವೆ ತಪ್ಪಿದವಳೆಂದು ದುರ್ಗಾದೇವಿಗೆ ಸರ್ಟಿಫಿಕೇಟ್ ಇಲ್ಲ. ಬೇಕಾದರೆ ಓಡಬಹುದು ಎಂದು ಮಾಸ್ತರ ಹೇಳಿ ಕಳಿಸಿದ. ಹಿಂದಿನ ಸಂಜೆ ಅವಳು ಹಿತ್ತಲಲ್ಲಿ ಬೂಟಿಗೆ ಸುಣ್ಣ ಹಚ್ಚುತ್ತಿದ್ದಳು. ಗಾದಿಲಿಂಗಪ್ಪ ಬಾಗಿಲಲ್ಲಿ ನಿಂತು, "ಓಡವ್ವಾ," ಎಂದ.

"ನಿಮ್ಮನ್ನ ಕೇಳಿಲ್ರಿ," ಎಂದಳು ಅವಳು, ತಲೆ ಎತ್ತದೆ.

ನಸುಕಿನಲ್ಲಿ ಅವಳು ಹೋದ ಮೇಲೆ ಗಾದಿಲಿಂಗಪ್ಪ ಎರಡು ಕೊಡ ತಿಕ್ಕಿ ತುಂಬಿದ. ಒಂದೊಂದೇ ಹೊತ್ತು, ಓಟ ಹಾಯುವ ರಸ್ತೆಯ ಬದಿಯ ಬೇವಿನ ಗಿಡದ ಕೆಳಗೆ ಇಟ್ಟ. ಯಂಕವ್ವ ನಾಲ್ಕು ಸ್ಟೀಲಿನ ಲೋಟಗಳನ್ನು ಕುಷ್ಟಗಿಯ ದಬರಿಯಲ್ಲಿ ಇಟ್ಟುಕೊಟ್ಟಳು.

ಓಟ ಸರಿಯಾಗಿ ಏಳಕ್ಕೆ ಬಿಟ್ಟಿತು. ಮುಂದಿನ ಹುಡುಗರು ಬಂದರು. ಗಾದಿಲಿಂಗಪ್ಪ ಎರಡೂ ಕೈಯಲ್ಲಿ ಲೋಟ ಚಾಚಿ ನಿಂತ. "ನೀರು ತಗೊಳ್ರಪಾ, ನೀರು!" ಅವರು ಹಾದು ಹೋದರು. ಪ್ರತಿಯೊಬ್ಬನ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಬಾಟಲಿ ಇತ್ತು. ಯಲಬುರ್ಗಾದ ಮೇಲೆ ಬಳಗದ ನಿಯಮ ಬದಲಾಗಿತ್ತು: ಯಾರೂ ದಾರಿಯ ನೀರು ನಂಬಬಾರದು, ಅವರವರ ನೀರು ಅವರೇ ಒಯ್ಯಬೇಕು.

ಮೂವತ್ತು ಮಂದಿ ಹೋದರು, ಅರವತ್ತು ಮಂದಿ ಹೋದರು. ಒಬ್ಬ, "ಬ್ಯಾಡ್ರಿ ಅಜ್ಜಾ, ಐತಿ," ಎಂದು ಬಾಟಲಿ ಎತ್ತಿ ತೋರಿಸಿದ. ದುರುಗೇಶ ನೋಡಿಯೂ ನೋಡದವನಂತೆ ರಸ್ತೆಯ ಆ ಬದಿಗೆ ಸರಿದು ಓಡಿದ.

ಕಡೆಗೆ ದುರ್ಗಾದೇವಿ ಬಂದಳು. ಜೊತೆಗೆ ಯಾರೂ ಇರಲಿಲ್ಲ. ಅವಳ ಬಾಟಲಿ ಖಾಲಿಯಾಗಿ ಕೈಯಲ್ಲಿ ಚಪ್ಪಟೆಯಾಗಿತ್ತು, ತುಟಿ ಒಡೆದಿತ್ತು. ಗಾದಿಲಿಂಗಪ್ಪ ರಸ್ತೆಯೊಳಗೆ ಎರಡು ಹೆಜ್ಜೆ ಬಂದು ಲೋಟ ಹಿಡಿದ.

"ದುರ್ಗವ್ವಾ."

ಅವಳ ಕಾಲುಗಳು ನಿಧಾನವಾದವು. ಅವಳು ಲೋಟ ನೋಡಿದಳು, ಲೋಟ ಹಿಡಿದ ಕೈ ನೋಡಿದಳು. ಆಮೇಲೆ ಮುಂದೆ ನೋಡಿ, ಅದೇ ನಿಧಾನದಲ್ಲಿ ಓಡಿ ಹೋದಳು.

ಬಿಸಿಲೇರಿದ ಮೇಲೆ ಗಾದಿಲಿಂಗಪ್ಪ ಕೊಡಗಳನ್ನು ಹಾಗೆಯೇ ಹೊತ್ತು ತಂದ. ತುಂಬಿದ ಕೊಡ ಹೊತ್ತು ಬರುವವನನ್ನು ಓಣಿಯ ಜನ ನೋಡಿದರು. ದುರ್ಗಾದೇವಿ ಆಗಲೇ ಮನೆ ಸೇರಿ, ಹಿತ್ತಲ ಕಟ್ಟೆಯ ಮೇಲೆ ಕುಳಿತು ಬೂಟು ಬಿಚ್ಚುತ್ತಿದ್ದಳು. ಅವನು ಕೊಡಗಳನ್ನು ಅವಳ ಹತ್ತಿರ ಇಳಿಸಿ, ಲೋಟ ತುಂಬದೆ, ದೂರ ಸರಿದು ನಿಂತ.

ಅವಳು ಎದ್ದು, ಆ ಕೊಡಗಳನ್ನು ದಾಟಿ, ಒಳಗಿನ ಹರಿವಿಯಿಂದ ತಾನೇ ನೀರು ತೆಗೆದುಕೊಂಡು ಕುಡಿದಳು.